ಕಾಲರ್ ಸೆಕ್ಷನ್ನಿನ ಬಸ್ಸು

ನಮ್ಮ ಫ್ಲೋರಿನ ಗೋಡೆ ಮೇಲೆ ಒಂದು ದೊಡ್ಡ ಟಿವಿ ಇದೆ. ಈಗ ಅದರಲ್ಲಿ ಕ್ಯಾಂಟೀನಿನ ಊಟದ ಪಟ್ಟಿ ಬರುತ್ತದೆ. ಸೋಮವಾರ ಹುರುಳಿಕಾಳಿನ ಸಾರು, ಮಂಗಳವಾರ ಬಸ್ಸಾರು, ಮುದ್ದೆ ದಿನಾಲೂ. ಆದರೆ ಟಿವಿ ತಂದಿದ್ದು ಊಟದ ಪಟ್ಟಿ ತೋರಿಸೋಕಲ್ಲ. ಜನರನ್ನು ಆಟ ಆಡಿಸೋಕೆ. ಆಡಿಸಿದವರಲ್ಲಿ ನಾನೂ ಒಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರು ಹೊರವಲಯದ ಒಂದು ಗಾರ್ಮೆಂಟ್ಸಿನಲ್ಲಿ ಐಇ. ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರ್. ಮದುವೆ ಮನೆಯಲ್ಲಿ ಹೇಳಿಕೊಳ್ಳೋಕೆ ಚೆನ್ನಾಗಿರುತ್ತದೆ. ಕೆಲಸ ಏನಂದರೆ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಟೈಲರ್‌ಗಳ ಬೆನ್ನ ಹಿಂದೆ ನಿಲ್ಲುವುದು. ಪೀಸ್ ಎತ್ತಿಕೊಳ್ಳೋಕೆ ಎಷ್ಟು ಸೆಕೆಂಡ್, ಹೊಲಿಯೋಕೆ ಎಷ್ಟು, ದಾರ ಕತ್ತರಿಸೋಕೆ ಎಷ್ಟು ಅಂತ ಬರೆದುಕೊಳ್ಳುವುದು. ಬೆನ್ನ ಹಿಂದೆ ಯಾರೋ ಗಡಿಯಾರ ಹಿಡಿದು ನಿಂತರೆ ನಿಮಗೆ ಹೇಗನ್ನಿಸುತ್ತದೋ ಅವರಿಗೂ ಹಾಗೇ ಅನ್ನಿಸುತ್ತದೆ. ಹನ್ನೊಂದು ವರ್ಷದಿಂದ ನಿಂತಿದ್ದೇನೆ.

ಅಪ್ಪ ಎಚ್‌ಎಂಟಿಯಲ್ಲಿದ್ದರು. ಇಲ್ಲೇ, ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ. ಅಪ್ಪ ಗಡಿಯಾರ ಮಾಡಿದ, ಮಗ ಗಡಿಯಾರ ಹಿಡಿದು ಹೆಂಗಸರನ್ನ ಕಾಯ್ತಾನೆ ಅಂತ ಅಮ್ಮ ಆಡಿಕೊಳ್ಳುತ್ತಾರೆ.

ಸ್ವಲ್ಪ ಲೆಕ್ಕ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಒಂದು ಶರ್ಟಿಗೆ ಎಲ್ಲ ಹೊಲಿಗೆ ಸೇರಿ ಇಷ್ಟು ನಿಮಿಷ ಅಂತ ಒಂದು ಅಂಕಿ ಇರುತ್ತದೆ. ಎಸ್‌ಎಎಂ ಅಂತೀವಿ. ನಾನು ಹೇಳುತ್ತಿರುವ ಶರ್ಟಿಗೆ ಅದು 20 ನಿಮಿಷ. ಲೈನಿನಲ್ಲಿ 36 ಟೈಲರ್‌ಗಳು. ದಿನಕ್ಕೆ 480 ನಿಮಿಷ. ಗುಣಿಸಿದರೆ 17,280 ನಿಮಿಷ, ಅದನ್ನು 20ರಿಂದ ಭಾಗಿಸಿದರೆ 864 ಶರ್ಟು. ಇದು ಕಾಗದದ ಮೇಲಿನ ನೂರಕ್ಕೆ ನೂರು. ನಿಜವಾಗಿ ಸೂಜಿ ಮುರಿಯುತ್ತದೆ, ಕರೆಂಟು ಹೋಗುತ್ತದೆ, ಕಟಿಂಗಿನಿಂದ ಬಂಡಲ್ ತಡವಾಗಿ ಬರುತ್ತದೆ. ನೂರಕ್ಕೆ 60 ಬಂದರೆ ಸಾಕು ಅಂತ ನಾವು ಟಾರ್ಗೆಟ್ 520 ಇಟ್ಟಿದ್ದೆವು. ಗಂಟೆಗೆ 65. ಲೈನಿನ ಕೊನೆಯಲ್ಲಿ ಒಂದು ಬಿಳಿ ಬೋರ್ಡು. ಗಂಟೆಗೊಮ್ಮೆ ಸೂಪರ್‌ವೈಸರ್ ಮಾರ್ಕರ್‌ನಲ್ಲಿ ಬರೆಯುತ್ತಾರೆ: 58, 61, 49. 49 ಬಂದ ಗಂಟೆಯಲ್ಲಿ ಫ್ಲೋರ್ ಇನ್‌ಚಾರ್ಜ್ ದನಿ ಕಂಪ್ರೆಸರ್ ಸದ್ದನ್ನೂ ಮೀರಿ ಕೇಳುತ್ತದೆ.

ಕೋವಿಡ್ ಮುಗಿದ ಮೇಲೆ ಜನ ನಿಲ್ಲುತ್ತಿರಲಿಲ್ಲ. ಒಂದು ಸಂಬಳ ತೆಗೆದುಕೊಂಡು, ಮುಂದಿನ ವಾರದಿಂದ ಇನ್ನೊಂದು ಗಾರ್ಮೆಂಟ್ಸ್. ಆಗ ಬೆಂಗಳೂರಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಒಳ್ಳೆಯ ಮನುಷ್ಯ, ನಗುನಗುತ್ತಾ ಮಾತಾಡುತ್ತಿದ್ದ. ಎರಡು ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ‘ಗೇಮಿಫಿಕೇಷನ್’ ಹೇಳಿಕೊಟ್ಟ. ಆಟದಲ್ಲಿ ಜನ ಯಾಕೆ ಮೈಮರೆಯುತ್ತಾರೆ? ಪಾಯಿಂಟ್ ಇದೆ, ಬ್ಯಾಡ್ಜ್ ಇದೆ, ಯಾರು ಮುಂದೆ ಯಾರು ಹಿಂದೆ ಅಂತ ಗೊತ್ತಾಗುತ್ತದೆ. ಅದನ್ನೇ ತಂದು ಕೆಲಸಕ್ಕೆ ಅಂಟಿಸಿ, ಅಷ್ಟೇ. ಈ ಪದವನ್ನು 2002ರಲ್ಲಿ ನಿಕ್ ಪೆಲ್ಲಿಂಗ್ ಅನ್ನೋ ಬ್ರಿಟಿಷ್ ಪ್ರೋಗ್ರಾಮರ್ ಹುಟ್ಟುಹಾಕಿದ್ದಂತೆ. 2010ರ ಆಚೀಚೆ ಎಲ್ಲ ಕಂಪನಿಗಳ ಬಾಯಿಗೂ ಬಂತು. ನಮ್ಮ ಫ್ಲೋರಿಗೆ ಬರೋ ಹೊತ್ತಿಗೆ ತಂಗಳಾಗಿತ್ತೋ ಏನೋ. ನಮಗಂತೂ ಬಿಸಿಬಿಸಿಯಾಗೇ ಕಾಣಿಸಿತು.

ಆಟ ಕಟ್ಟಿದ್ದು ನಾನೇ. ಪ್ರತಿ ಬಂಡಲ್‌ಗೂ ಬಾರ್‌ಕೋಡ್. ಮುಗಿಸಿದ ಟೈಲರ್ ಸ್ಕ್ಯಾನ್ ಮಾಡಿದರೆ ಪಾಯಿಂಟ್. ಟಿವಿಯಲ್ಲಿ 36 ಹೆಸರು, ಮೇಲಿನಿಂದ ಕೆಳಕ್ಕೆ. ಮೊದಲ ಐದು ಹಸಿರು, ಕೊನೆಯ ಐದು ಕೆಂಪು. ಕೆಂಪು ಬಣ್ಣ ಆರಿಸಿದ್ದೂ ನಾನೇ. ವಾರದ ಕೊನೆಗೆ ಹಸಿರಿನಲ್ಲಿದ್ದವರ ಐಡಿ ಕಾರ್ಡಿಗೆ ಬಂಗಾರದ ಬಣ್ಣದ ಸ್ಟಾರ್. ಚಿಕ್ಕಪೇಟೆಯ ಅಂಗಡಿಯಿಂದ ಹಾಳೆಗಟ್ಟಲೆ ತಂದಿದ್ದೆ, ಮಕ್ಕಳ ನೋಟ್‌ಬುಕ್ಕಿಗೆ ಟೀಚರ್ ಅಂಟಿಸುತ್ತಾರಲ್ಲ, ಅವೇ. ತಿಂಗಳಿಗೊಬ್ಬರು ‘ಬೆಸ್ಟ್ ಟೈಲರ್’. ಗೇಟಿನ ಹತ್ತಿರ ಫೋಟೋ, ಜೊತೆಗೆ ಒಂದು ಸ್ಟೀಲ್ ಡಬ್ಬಿ.

ಮೊದಲ ವಾರ ಪ್ರೊಡಕ್ಷನ್ ಏರಿತು. ಇದನ್ನು ಮುಚ್ಚಿಡಲ್ಲ. ಬೋರ್ಡಿನ ಮೇಲೆ 70 ಅನ್ನೋ ಅಂಕಿ ಕಂಡು ಮ್ಯಾನೇಜರ್ ಲಾಡು ತರಿಸಿದರು. ನಾನು ನಾಲ್ಕು ತಿಂದೆ.

ಮೂರನೇ ವಾರಕ್ಕೆ ಒಂದು ವಿಚಿತ್ರ ಕಾಣಿಸಿತು. ಕಪ್ಪು ಬಟ್ಟೆಯ ಬಂಡಲ್‌ಗಳು ಅಲ್ಲಲ್ಲೇ ಅನಾಥವಾಗಿ ಬಿದ್ದಿರುತ್ತಿದ್ದವು. ಬಿಳಿ, ತಿಳಿ ನೀಲಿ ಬಂಡಲ್‌ಗಳು ಮಾಯ. ಕಪ್ಪು ಬಟ್ಟೆ ಮೇಲೆ ಕಪ್ಪು ದಾರದ ಹೊಲಿಗೆ ಕಣ್ಣಿಗೆ ಕಾಣಲ್ಲ. ನಿಧಾನ ಆಗುತ್ತದೆ, ಸಂಜೆಗೆ ತಲೆನೋವು. ಆದರೆ ನನ್ನ ಆಟದಲ್ಲಿ ಕಪ್ಪಿಗೂ ಬಿಳಿಗೂ ಒಂದೇ ಪಾಯಿಂಟ್. ಹಾಗಾಗಿ ಬೆಳಗ್ಗೆ ಬೇಗ ಬಂದವರು ಬಿಳಿ ಬಂಡಲ್ ಎತ್ತಿ ಕಾಲ ಕೆಳಗೆ ಅಡಗಿಸಿಟ್ಟುಕೊಳ್ಳುತ್ತಿದ್ದರು. ದೂರದ ಊರಿಂದ ಕೊನೆಯ ಟೆಂಪೋದಲ್ಲಿ ಬರುವವರಿಗೆ ಕಪ್ಪೇ ಗತಿ. ಟಿವಿಯಲ್ಲಿ ಕೆಂಪಾಗಿದ್ದ ಐದು ಹೆಸರುಗಳಲ್ಲಿ ನಾಲ್ಕು, ಒಂದೇ ಟೆಂಪೋದಲ್ಲಿ ಬರುವ ನಾಲ್ವರದ್ದು. ಇದನ್ನು ಕಂಡುಹಿಡಿಯೋಕೆ ನನಗೆ, ಎಂಜಿನಿಯರಿಗೆ, ಹನ್ನೆರಡು ದಿನ ಬೇಕಾಯಿತು. ಅವರಲ್ಲಿ ಯಾರನ್ನಾದರೂ ಕೇಳಿದ್ದರೆ ಹನ್ನೆರಡು ಸೆಕೆಂಡ್ ಸಾಕಿತ್ತು.

ಆಮೇಲೆ ಬಾಟಲಿಗಳು. ಪ್ರತಿ ಮೆಷಿನ್ನಿನ ಕಾಲ ಹತ್ತಿರ ಒಂದು ನೀರಿನ ಬಾಟಲಿ ಇರುತ್ತದೆ. ಹಳೇ ಪೆಪ್ಸಿ ಬಾಟಲಿ, ಮಗುವಿನ ಸ್ಕೂಲ್ ಬಾಟಲಿ, ಮುಚ್ಚಳಕ್ಕೆ ಟ್ವೈನ್ ದಾರ ಕಟ್ಟಿದ್ದು. ಒಂದು ಸಂಜೆ ಐದೂವರೆ ಬೆಲ್ ಹೊಡೆದ ಮೇಲೆ ಲೈನಿನಲ್ಲಿ ನಡೆದು ಹೋಗುವಾಗ ನೋಡಿದೆ. ಬೆಳಗ್ಗೆ ತುಂಬಿಸಿದ ನೀರು ಹಾಗೇ ಇತ್ತು. ಒಂದರಲ್ಲಲ್ಲ, ಸಾಲಾಗಿ. ಏಪ್ರಿಲ್ ತಿಂಗಳು, ಮೇಲೆ ಶೀಟಿನ ಚಾವಣಿ. ಯಾಕಕ್ಕಾ ನೀರೇ ಕುಡಿದಿಲ್ಲ ಅಂದರೆ, ಒಬ್ಬರು ಬ್ಯಾಗು ಎತ್ತಿಕೊಳ್ಳುತ್ತಾ ಹೇಳಿದರು: “ಕುಡಿದ್ರೆ ಹೋಗ್ಬೇಕಲ್ಲ ಸಾರ್. ಹೋಗ್ಬಂದ್ರೆ ಕೆಂಪು.” ಮರುದಿನ ಕ್ಲಿನಿಕ್ಕಿನ ನರ್ಸ್ ಹತ್ತಿರ ಸುಮ್ನೆ ವಿಚಾರಿಸಿದೆ. ಉರಿಮೂತ್ರ ಅಂತ ಬರೋರು ಈ ತಿಂಗಳು ಜಾಸ್ತಿ ಅಂದರು. ನಾನು ಯಾಕೆ ಕೇಳುತ್ತಿದ್ದೇನೆ ಅಂತ ಅವರು ಕೇಳಲಿಲ್ಲ. ಪುಣ್ಯ.

ಆ ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ಈ ತಪ್ಪನ್ನು ಬೇರೆ ಯಾರಾದರೂ ಮಾಡಿದ್ದಾರಾ ಅಂತ. ಮಾಡಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಡಿಸ್ನಿಲ್ಯಾಂಡಿನ ಹೋಟೆಲುಗಳ ಲಾಂಡ್ರಿಯಲ್ಲಿ. ಹಾಸಿಗೆ ಬಟ್ಟೆ ಒಗೆಯುವವರ ಹೆಸರನ್ನು ಪರದೆ ಮೇಲೆ ಹಾಕಿ, ಯಾರು ಎಷ್ಟು ವೇಗ ಅಂತ ಎಲ್ಲರಿಗೂ ಕಾಣುವ ಹಾಗೆ ತೋರಿಸುತ್ತಿದ್ದರು. 2011ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಅದನ್ನು ಬರೆಯಿತು. ಕೆಲಸದವರು ಅದಕ್ಕೆ ಇಟ್ಟಿದ್ದ ಹೆಸರು ‘ಎಲೆಕ್ಟ್ರಾನಿಕ್ ಚಾಟಿ’. ಅಲ್ಲೂ ಕೆಲವರು ಬಾತ್‌ರೂಮಿಗೆ ಹೋಗುವುದನ್ನು ಬಿಟ್ಟಿದ್ದರು. ನಾನು ಹೊಸದೇನನ್ನೋ ಮಾಡಿದೆ ಅಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾದ ಹಳೇ ಚಾಟಿಯನ್ನೇ ತಂದು ತುಮಕೂರಿನಲ್ಲಿ ತೂಗುಹಾಕಿದ್ದೆ.

ಹೆಲ್ಪರ್‌ಗಳ ವಿಷಯ ಇನ್ನೊಂದು. ದಾರ ಟ್ರಿಮ್ ಮಾಡೋರು, ಬಂಡಲ್ ಹೊತ್ತು ಕೊಡೋರು, ಕಾಲರ್ ತಿರುಗಿಸಿ ಮೂತಿ ಚೂಪು ಮಾಡೋರು. ಅವರಿಗೆ ಪಾಯಿಂಟೇ ಇರಲಿಲ್ಲ. ನನ್ನ ಸಾಫ್ಟ್‌ವೇರ್ ಲೆಕ್ಕದಲ್ಲಿ ಅವರು ಫ್ಲೋರಿನಲ್ಲೇ ಇಲ್ಲ. ಯಾವ ಟೈಲರ್ ಮೇಲಕ್ಕೆ ಹೋಗಬೇಕು ಅನ್ನೋದು ಮಾತ್ರ ಅವರ ಕೈಯಲ್ಲೇ ಇತ್ತು. ಬೇಕಾದವರಿಗೆ ಬಂಡಲ್ ಬೇಗ ಕೊಟ್ಟರೆ ಆಯಿತು. ಸೋವಿಯತ್ ದೇಶದಲ್ಲಿ 1935ರ ಆಗಸ್ಟ್ 31ರಂದು ಸ್ಟಖಾನೊವ್ ಅನ್ನೋ ಗಣಿ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದ ಅಂತ ದೇಶವೆಲ್ಲ ಕೊಂಡಾಡಿತು. ಕೋಟಾದ 14 ಪಟ್ಟು. ಅವನು ಕಡಿಯುತ್ತಾ ಮುಂದೆ ಹೋದ ಹಾಗೆ ಹಿಂದೆ ಮರದ ಆಸರೆ ನಿಲ್ಲಿಸುತ್ತಾ ಬಂದವರೂ ಇದ್ದರು. ಪೋಸ್ಟರಿನಲ್ಲಿ ಅವರಿಲ್ಲ. ಪಾಯಿಂಟು, ಪೋಸ್ಟರು ಎಲ್ಲ ಕಡೆಯೂ ಹೀಗೇ ಇರಬೇಕು.

ನಮ್ಮ ಪೋಸ್ಟರಿನ ಕಥೆ ಹೇಳಿದರೆ ನಗ್ತೀರಿ. ಮೊದಲ ತಿಂಗಳ ಬೆಸ್ಟ್ ಟೈಲರ್ ಒಂದು ವಾರ ಆಗೋದರೊಳಗೆ ನನ್ನ ಹತ್ತಿರ ಬಂದು, “ಸಾರ್, ದಮ್ಮಯ್ಯ, ಗೇಟಲ್ಲಿರೋ ನನ್ ಫೋಟೋ ತೆಗ್ಸಿಬಿಡಿ” ಅಂದರು. ಯಾಕಮ್ಮಾ ಅಂದೆ. ಅವರ ಅತ್ತೆ ಯಾರ ಜೊತೆಗೋ ಆ ಕಡೆ ಬಂದವರು ನೋಡಿದ್ದಾರೆ. ಮನೆಗೆ ಹೋದ ಮೇಲೆ ಪಂಚಾಯಿತಿ. “ಇಡೀ ಫ್ಯಾಕ್ಟ್ರಿಗೇ ಫಸ್ಟ್ ಅಂತೆ. ಮತ್ತೆ ಸಂಬಳ ಅಷ್ಟೇ ಐತೆ ಅಂತೀಯಲ್ಲ, ಉಳಿದಿದ್ದು ಎಲ್ಲಿ ಮಡಗ್ತಿದ್ದೀಯಾ?” ಸ್ಟೀಲ್ ಡಬ್ಬಿ ತೋರಿಸಿದರೂ ನಂಬಲಿಲ್ಲವಂತೆ. ಅತ್ತೆಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಅಲ್ವಾ?

ಸ್ಟಾರ್‌ಗಳು ಮುಗಿದ ಮೇಲೆ ಇನ್ನೊಂದು ಪಾಠ. ಕಫ್ ಸೆಕ್ಷನ್ನಿನಲ್ಲಿ ಮಧುಗಿರಿ ಕಡೆಯ ಒಂದು ಹುಡುಗಿ. ಇಪ್ಪತ್ತು ತುಂಬಿರಲಿಲ್ಲ. ಅವಳ ಹೊಲಿಗೆ ಅಂದರೆ ಅಂಚಿನಿಂದ ಕಾಲಿಂಚು, ಎಲ್ಲೂ ಕೂದಲಷ್ಟು ಆಚೀಚೆ ಇಲ್ಲ. ಮುಗಿಸಿದ ಕಫ್ಫನ್ನು ಬೆಳಕಿಗೆ ಹಿಡಿದು ತಾನೇ ನೋಡಿಕೊಂಡು ಆಮೇಲೆ ಮುಂದಕ್ಕೆ ಕೊಡುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಸ್ಟಾರ್ ಶುರುವಾದ ಮೇಲೆ ಅವಳ ಕಾರ್ಡಿನ ತುಂಬಾ ಸ್ಟಾರ್. ಎರಡು ತಿಂಗಳಿಗೆ ನಾವು ಸ್ಟಾರ್ ನಿಲ್ಲಿಸಿದೆವು. ಬೆಳಕಿಗೆ ಹಿಡಿಯುವುದನ್ನು ಅವಳೂ ನಿಲ್ಲಿಸಿದಳು. ಕೇಳಿದ್ದಕ್ಕೆ, “ಇನ್ಮೇಲೆ ಸ್ಟಾರ್ ಇಲ್ವಲ್ಲ ಸಾರ್” ಅಂದಳು. ಕೋಪವೇನೂ ಇರಲಿಲ್ಲ ಆ ಮಾತಲ್ಲಿ. ಅಂಗಡಿ ಬಾಗಿಲು ಹಾಕಿದೆ ಅನ್ನೋ ಹಾಗೆ ಹೇಳಿದಳು.

1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ, ಶಿಶುವಿಹಾರದ ಮಕ್ಕಳ ಮೇಲೆ ಇದನ್ನೇ ನೋಡಿದ್ದರು. ಚಿತ್ರ ಬರೆಯೋದು ಅಂದರೆ ಪ್ರಾಣ ಅನ್ನೋ ಮಕ್ಕಳು. ಕೆಲವರಿಗೆ, ಬರೆದರೆ ಬಂಗಾರದ ಮುದ್ರೆ, ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿ ಬರೆಸಿದರು, ಕೊಟ್ಟರು. ಒಂದೆರಡು ವಾರ ಬಿಟ್ಟು ಅದೇ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟರು. ಸರ್ಟಿಫಿಕೇಟಿಗಾಗಿ ಬರೆದಿದ್ದ ಮಕ್ಕಳು ಬೇರೆಯವರಿಗಿಂತ ಅರ್ಧ ಹೊತ್ತಷ್ಟೇ ಪೆನ್ನು ಮುಟ್ಟಿದರು. ಮೊದಲೇ ಹೇಳದೆ, ಬರೆದಾದ ಮೇಲೆ ಅಚಾನಕ್ಕಾಗಿ ಕೊಟ್ಟಿದ್ದ ಮಕ್ಕಳಿಗೆ ಏನೂ ಆಗಿರಲಿಲ್ಲ. ಇದನ್ನು ಓದಿ, ಚಿಕ್ಕಪೇಟೆಯ ಆ ಸ್ಟಾರ್ ಹಾಳೆಗಳಲ್ಲಿ ಉಳಿದಿದ್ದನ್ನು ತಂಗಿಯ ಮಗನಿಗೆ ಕೊಟ್ಟುಬಿಟ್ಟೆ. ಫ್ರಿಜ್ಜಿಗೆಲ್ಲ ಅಂಟಿಸಿದ್ದಾನೆ.

ಇಷ್ಟೆಲ್ಲ ಆಗುವಾಗ ಒಂದೇ ಒಂದು ಸೆಕ್ಷನ್ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಾಲರ್.

ಐದು ಜನ ಟೈಲರ್‌ಗಳು. ಟಿವಿ ಬರೋ ಮೊದಲೂ ಗಂಟೆಗೆ 65, ಬಂದ ಮೇಲೂ 65. ಒಂದು ಗಂಟೆ 63 ಆದರೆ ಮುಂದಿನ ಗಂಟೆ 67. ಇಷ್ಟು ಸಮನಾದ ಅಂಕಿ ನನ್ನ ಕೆಲಸದಲ್ಲಿ ಸಿಗಲ್ಲ. ಸಿಕ್ಕರೆ ಯಾರೋ ಸುಳ್ಳು ಬರೆದಿದ್ದಾರೆ ಅಂತ ಅರ್ಥ. ಹೋಗಿ ಎಣಿಸಿದೆ. ಸುಳ್ಳಲ್ಲ.

ಅವರಲ್ಲಿ ಹಿರಿಯರನ್ನು ಕಾಲರ್ ಅಕ್ಕ ಅಂತ ಕರೆಯುತ್ತೇನೆ. ಹೆಸರು ಬರೆದರೆ ಬೈತಾರೆ. ಹದಿನೇಳು ವರ್ಷದ ಸರ್ವಿಸ್. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ನಾನು ಸ್ಟಾಪ್‌ವಾಚ್ ಹಿಡಿದು ಹೋದಾಗಲೆಲ್ಲ ಆ ಐದು ಜನರಲ್ಲಿ ಯಾರಾದರೂ “ಟೋಲ್ ಬಂತು ಕಣ್ರೇ” ಅನ್ನುತ್ತಿದ್ದರು, ಉಳಿದವರು ನಗುತ್ತಿದ್ದರು. ಹೈವೇ ಪಕ್ಕದ ಫ್ಯಾಕ್ಟರಿ, ಏನೋ ಟೋಲ್ ಮಾತಾಡ್ತಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಟೀ ಬ್ರೇಕಿನಲ್ಲಿ ಅವರ ಮೆಷಿನ್ನಿಗೆ ಸ್ಟೋರಿನಿಂದ ಸೂಜಿ ನಾನೇ ತಂದುಕೊಟ್ಟೆ. ಆ ಖುಷಿಗೋ ಏನೋ, ಬಾಯಿ ಬಿಟ್ಟರು.

ಅವರು ದಿನಾ ಬಸ್ಸಿನಲ್ಲಿ ಹೋಗುತ್ತಿದ್ದರು. ಕೂತಲ್ಲೇ. ಬೆಳಗ್ಗೆ ಒಂಬತ್ತಕ್ಕೆ ತುಮಕೂರು ಬಸ್‌ಸ್ಟ್ಯಾಂಡ್ ಬಿಡೋದು. 65 ಕಾಲರ್ ಆದರೆ ಕ್ಯಾತ್ಸಂದ್ರ. ಇನ್ನು 65ಕ್ಕೆ ಹಿರೇಹಳ್ಳಿ. ಆಮೇಲೆ ದಾಬಸ್‌ಪೇಟೆ. ಒಂದು ಗಂಟೆಗೆ ಊಟದ ಬೆಲ್ ಹೊಡೆಯೋ ಹೊತ್ತಿಗೆ ಬೇಗೂರಿನಲ್ಲಿರಬೇಕು. ಊಟ ಆದ ಮೇಲೆ ನೆಲಮಂಗಲ, ದಾಸರಹಳ್ಳಿ, ಯಶವಂತಪುರ. ಐದೂವರೆಗೆ ಮೆಜೆಸ್ಟಿಕ್. ಎಂಟು ಸ್ಟಾಪು, ಎಂಟು ಗಂಟೆ. ಸೂಜಿ ಮುರಿದರೆ ಪಂಕ್ಚರ್. ಚೆಕ್ಕರ್ ವಾಪಸ್ ಕಳಿಸಿದ ಆಲ್ಟ್ರೇಷನ್ ಪೀಸುಗಳು ‘ಟಿಕೆಟ್ ಇಲ್ದೋರು’. ಫ್ಲೋರ್ ಇನ್‌ಚಾರ್ಜ್ ಬಂದರೆ ಆರ್‌ಟಿಒ. ನಾನು ಬಂದರೆ ಟೋಲ್, ಯಾಕಂದರೆ ಬಂದಾಗಲೆಲ್ಲ ಬಸ್ಸು ನಿಲ್ಲಿಸಬೇಕು, ಕೈಯಿಂದ ಹೋಗೋದು ಬಿಟ್ಟರೆ ನನ್ನಿಂದ ಸಿಗೋದೇನೂ ಇಲ್ಲ.

“ಮತ್ತೆ ಒಬ್ಬರು ನಿಧಾನ ಆದ್ರೆ?” ಅಂತ ಕೇಳಿದೆ. ಐಇ ಬುದ್ಧಿ.

“ನಿಧಾನ ಆದ್ರೆ ಅವಳ ಪೀಸು ಪಕ್ಕದೋಳು ಎತ್ಕೊತಾಳೆ. ಬಸ್ಸು ಎಲ್ರದ್ದೂ ಅಲ್ವಾ ಸಾರ್. ಒಬ್ಳನ್ನ ದಾಬಸ್‌ಪೇಟೇಲಿ ಇಳ್ಸಿ ಹೋಗೋಕಾಯ್ತದಾ?”

ಇನ್ನೊಂದು ಗುಟ್ಟೂ ಇತ್ತು. ಕೆಲವು ದಿನ ಬಸ್ಸು ಐದಕ್ಕೇ ಮೆಜೆಸ್ಟಿಕ್ ಮುಟ್ಟುತ್ತಿತ್ತು. ಉಳಿದ ಅರ್ಧ ಗಂಟೆ ‘ಮೆಜೆಸ್ಟಿಕ್ ಕಾಫಿ’. ಹೊಲಿಗೆ ನಡೆಯುತ್ತಿರುವ ಹಾಗೇ ಕಾಣುತ್ತದೆ. ಆದರೆ ಮೆಷಿನ್ ಒರೆಸುವುದು, ಬಾಬಿನ್ ತುಂಬಿಸಿಡುವುದು, ಮಗಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸು, ಚೀಟಿ ಯಾರು ಕೂಗಿದರು. ಹೆಚ್ಚಾಗಿ ಹೊಲಿದ ಪೀಸುಗಳನ್ನು ಬಂಡಲ್ ಕೆಳಗೆ ನಾಳೆಗೆ ಇಡುತ್ತಿದ್ದರು. ಮರುದಿನ ಯಾರಿಗಾದರೂ ಹುಷಾರಿಲ್ಲದಿದ್ದರೆ ಬೇಕಲ್ಲ.

ಆಮೇಲೆ ಓದಿದ್ದು: ಮೈಕಲ್ ಬುರಾವೊಯ್ ಅನ್ನೋ ಸಮಾಜಶಾಸ್ತ್ರಜ್ಞ 1974ರಲ್ಲಿ ಷಿಕಾಗೋದ ಒಂದು ಎಂಜಿನ್ ಫ್ಯಾಕ್ಟರಿಯಲ್ಲಿ ಹತ್ತು ತಿಂಗಳು ಮೆಷಿನ್ ಕೆಲಸ ಮಾಡಿದ. ತಮಾಷೆ ಅಂದರೆ ಅದಕ್ಕೂ ಮೂವತ್ತು ವರ್ಷ ಹಿಂದೆ ಡೊನಾಲ್ಡ್ ರಾಯ್ ಅನ್ನೋ ಇನ್ನೊಬ್ಬ ಅದೇ ಫ್ಯಾಕ್ಟರಿಯಲ್ಲಿ ದುಡಿದು ಇದೇ ವಿಷಯ ಬರೆದಿದ್ದ. ಇಬ್ಬರೂ ಕಂಡಿದ್ದು ಕೋಟಾವನ್ನು ಆಟ ಮಾಡಿಕೊಂಡ ಕೆಲಸಗಾರರನ್ನು. ಆಟ ಅವರದ್ದೇ, ನಿಯಮ ಅವರದ್ದೇ. ಮುಖ್ಯ ನಿಯಮ ಒಂದು: ನೂರಕ್ಕೆ 140ರ ಮೇಲೆ ಹೋಗಕೂಡದು. ಹೋದರೆ ಮೇಲಿನವರು ಪೀಸಿಗೆ ಕೊಡುವ ದರ ಇಳಿಸುತ್ತಾರೆ. ಜಾಸ್ತಿ ಆದ ಪೀಸನ್ನು ಅವರೂ ನಾಳೆಗೆ ಎತ್ತಿಡುತ್ತಿದ್ದರು! ಬುರಾವೊಯ್ ಕೇಳಿದ ಪ್ರಶ್ನೆ ನನಗೆ ಬಹಳ ಕಾಡಿತು. ಕೆಲಸಗಾರರು ಯಾಕೆ ಇನ್ನೂ ಜಾಸ್ತಿ ದುಡಿಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅವನು ಕೇಳಿದ್ದು, ಇವರು ಯಾಕೆ ಇಷ್ಟೊಂದು ದುಡಿಯುತ್ತಾರೆ ಅಂತ. ಅವನ ಉತ್ತರದಲ್ಲಿ ಒಂದು ಕಹಿಯೂ ಇದೆ. ಆಡುತ್ತಾ ಆಡುತ್ತಾ, ಈ ಕೋಟಾ ಯಾಕಿದೆ ಅಂತ ಕೇಳೋದೇ ಮರೆತುಹೋಗುತ್ತದೆ. ಕಾಲರ್ ಅಕ್ಕನ ಬಸ್ಸನ್ನು ನೆನೆಸಿಕೊಂಡರೆ ಅದು ಪೂರ್ತಿ ನಿಜ ಅನ್ನಿಸಲ್ಲ. ಪೂರ್ತಿ ಸುಳ್ಳು ಅಂತಲೂ ಅನ್ನಿಸಲ್ಲ.

ಇದನ್ನೆಲ್ಲ ಮೊದಲೇ ಓದಿದ್ದರೆ ಮುಂದಿನ ತಪ್ಪು ಮಾಡುತ್ತಿರಲಿಲ್ಲ.

ಶನಿವಾರದ ಮೀಟಿಂಗಿನಲ್ಲಿ ಬಸ್ಸಿನ ಕಥೆ ಹೇಳಿಬಿಟ್ಟೆ. ಹೆಮ್ಮೆಯಿಂದ. ಸಾರ್, ನಾವು ಆಟ ಕಟ್ಟೋದು ಬೇಕಾಗೇ ಇಲ್ಲ, ಇವರೇ ಕಟ್ಟಿಕೊಂಡಿದ್ದಾರೆ ನೋಡಿ ಅಂತ. ಹೆಸರುಗಳನ್ನು ಟಿವಿಯಿಂದ ತೆಗೆಸೋಕೆ ಇದು ಒಳ್ಳೆ ನೆಪ ಆಗುತ್ತೆ ಅನ್ನೋ ಆಸೆಯೂ ಇತ್ತು. ಮ್ಯಾನೇಜರ್ ಕಣ್ಣು ಅರಳಿತು. ಹೆಸರು ತೆಗೆದರು ಕೂಡ. ಮೂರು ವಾರಕ್ಕೆ ಟಿವಿಯಲ್ಲಿ ಬಸ್ಸು ಬಂತು. ಕೆಂಪು ಬಸ್ಸು, ಚಕ್ರ ತಿರುಗುತ್ತದೆ, ಹಾರ್ನ್ ಹೊಡೆಯುತ್ತದೆ. ಪ್ರತಿ ಸೆಕ್ಷನ್ನಿಗೂ ಒಂದೊಂದು. ಕ್ಯಾತ್ಸಂದ್ರ ಅಂತ ಬೋರ್ಡು, ಪಕ್ಕದಲ್ಲಿ ತಟ್ಟೆ ಇಡ್ಲಿಯ ಚಿತ್ರ. ಚೆನ್ನಾಗೇ ಮಾಡಿದ್ದರು. ಮೊದಲ ದಿನ ಎಲ್ಲರೂ ತಲೆ ಎತ್ತಿ ನೋಡಿ ನಕ್ಕರು. ಕಾಲರ್ ಸೆಕ್ಷನ್ನಿನಲ್ಲಿ ಮಾತ್ರ ಯಾರೂ ತಲೆ ಎತ್ತಲಿಲ್ಲ. ಕಾಲರ್ ಅಕ್ಕ ನನ್ನನ್ನು ಒಂದು ಸಲ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟೇ.

ಟಿವಿ ಬಸ್ಸಿಗೆ ಸಮಯದ ಲೆಕ್ಕ ಇತ್ತು. ಹದಿನೈದು ದಿನದಲ್ಲಿ ಗೊತ್ತಾಯಿತು, ಕಾಲರ್ ಬಸ್ಸು ಐದಕ್ಕೇ ಮೆಜೆಸ್ಟಿಕ್ ಮುಟ್ಟುತ್ತದೆ ಅಂತ. ಅಂದರೆ ಅರ್ಧ ಗಂಟೆ ಖಾಲಿ. ಮುಂದಿನ ತಿಂಗಳು ಟಾರ್ಗೆಟ್ 65ರಿಂದ 72 ಆಯಿತು. ಇಡೀ ಲೈನಿಗೆ. ದಿನಕ್ಕೆ 576. ಆ ಹಾಳೆಗೆ ಲೆಕ್ಕ ಹಾಕಿ ಸಹಿ ಮಾಡಿದ್ದು ನಾನು.

ಬೋರ್ಡಿನ ಮೇಲೆ 72 ಬರೆದ ಬೆಳಗ್ಗೆ ಕಾಲರ್ ಅಕ್ಕ ಮೆಷಿನ್ ಆನ್ ಮಾಡುತ್ತಾ, ನನ್ನ ಕಡೆ ನೋಡದೆ, ಗಟ್ಟಿಯಾಗಿ ಹೇಳಿದರು: “ಮೆಜೆಸ್ಟಿಕ್ ದೂರ ಆಯ್ತು ಕಣ್ರೇ. ಇವತ್ತಿಂದ ಬಸ್ಸು ಹೊಸೂರಿಗೆ ಹೋಗ್ಬೇಕಂತೆ.”

ಅವತ್ತೇ ಕೊನೆ. ಆಮೇಲೆ ಆ ಐದು ಜನರ ಬಾಯಲ್ಲಿ ಬಸ್ಸಿನ ಮಾತು ಬರಲಿಲ್ಲ. ಪಂಕ್ಚರ್ ಇಲ್ಲ, ಟೋಲ್ ಇಲ್ಲ. ನಾನು ಹೋದರೆ ಎಲ್ಲರ ಹಾಗೆ “ಸಾರ್” ಅಂದು ಸುಮ್ಮನಾಗುತ್ತಿದ್ದರು. ಟೋಲ್ ಅಂತ ಕರೆಸಿಕೊಳ್ಳುತ್ತಿದ್ದ ಕಾಲವೇ ಚೆನ್ನಾಗಿತ್ತು. ಅಂಕಿ 59, 70, 54, 66. ಎಲ್ಲ ಸೆಕ್ಷನ್ನಿನ ಹಾಗೆ. ಟಿವಿಯಲ್ಲಿ ಖಾಲಿ ಬಸ್ಸು ಹಾರ್ನ್ ಹೊಡೆಯುತ್ತಾ ಓಡುತ್ತಿತ್ತು.

ಆ ಭಾನುವಾರ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು. ಆಮೇಲೆ, ನಲವತ್ತು ವರ್ಷದಲ್ಲಿ ಒಮ್ಮೆಯೂ ಹೇಳದಿದ್ದ ಒಂದು ಸಂಗತಿ ಹೇಳಿದರು. ಕೀ ಕೊಡುವ ವಾಚು ದಿನಕ್ಕೆ ಕೆಲವು ಸೆಕೆಂಡ್ ಹಿಂದೆ ಮುಂದೆ ಆಗೇ ಆಗುತ್ತದೆ. ಅವರ ಬೆಂಚಿನ ನಾಲ್ಕು ಜನ ಸಂಜೆ ತಾವು ಜೋಡಿಸಿದ ಒಂದೊಂದು ವಾಚಿಗೆ ಒಂದೇ ಟೈಮ್ ಇಟ್ಟು ಹೋಗುತ್ತಿದ್ದರಂತೆ. ಬೆಳಗ್ಗೆ ಬಂದು ನೋಡೋದು. ಜಾಸ್ತಿ ತಪ್ಪಿದವನು ಕಾಫಿ ಕೊಡಿಸಬೇಕು. ವರ್ಷಗಟ್ಟಲೆ ಆಡಿದ್ದರಂತೆ.

“ಸೂಪರ್‌ವೈಸರಿಗೆ ಗೊತ್ತಿತ್ತಾ?” ಅಂದೆ.

“ಹೇಳ್ತಾರೇನೋ ಅದನ್ನ? ಹೇಳಿದ್ರೆ ಅದಕ್ಕೊಂದು ರಿಜಿಸ್ಟರ್ ಮಾಡೋರು.”

2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಸರ್ಕಾರ ತೀರ್ಮಾನ ಮಾಡಿದಾಗಲೂ ಅಪ್ಪ ಇಷ್ಟು ಮಾತಾಡಿರಲಿಲ್ಲ. ಜಾಗ ಈಗ ಇಸ್ರೋಗೆ ಹೋಗಿದೆ. ಅಪ್ಪನ ಕೈಯಲ್ಲಿ ಮಾತ್ರ ಇನ್ನೂ ಅದೇ ವಾಚು. ದಿನಾ ಬೆಳಗ್ಗೆ ರೇಡಿಯೋ ವಾರ್ತೆಗೆ ಸರಿಯಾಗಿ ನೋಡಿಕೊಳ್ಳುತ್ತಾರೆ. ಯಾವ ಆಟ ಅಂತ ಈಗ ನನಗೆ ಗೊತ್ತು.

ಇಷ್ಟಾದ ಮೇಲೆ ಆಟ ಅನ್ನೋದೆಲ್ಲ ಮೋಸ ಅಂತ ಬರೆದುಬಿಟ್ಟರೆ ಸುಲಭ. ಆದರೆ ನಮ್ಮಲ್ಲೇ ಒಂದು ಉಳಿದುಕೊಂಡಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸ್ಕಿಲ್ ಚಾರ್ಟು. ಬಹಳ ಫ್ಯಾಕ್ಟರಿಗಳಲ್ಲಿ ಇದು ಇದೆ. ಒಂದು ಕಡೆ ಟೈಲರ್‌ಗಳ ಹೆಸರು, ಮೇಲೆ ಕೆಲಸಗಳು: ಕಾಲರ್, ಕಫ್, ಪಾಕೆಟ್, ತೋಳು ಕೂಡಿಸೋದು. ಪ್ರತಿ ಮನೆಯಲ್ಲೂ ನಾಲ್ಕು ಭಾಗ ಮಾಡಿದ ಒಂದು ವೃತ್ತ. ಕಲಿಯುತ್ತಿದ್ದರೆ ಕಾಲು ಭಾಗ ಕಪ್ಪು. ಯಾರಾದರೂ ಪಕ್ಕದಲ್ಲಿದ್ದರೆ ಮಾಡುತ್ತಾರೆ ಅಂದರೆ ಅರ್ಧ. ಒಬ್ಬರೇ ಮಾಡಿದರೆ ಮುಕ್ಕಾಲು. ಇನ್ನೊಬ್ಬರಿಗೆ ಕಲಿಸಬಲ್ಲರು ಅಂದರೆ ಪೂರ್ತಿ. ಮೊದಲು ಅದು ಆಫೀಸಿನ ಫೈಲಿನಲ್ಲಿ, ಆಡಿಟ್ ಬಂದಾಗ ಮಾತ್ರ ಹೊರಗೆ. ನಾನು ಮಾಡಿದ್ದು ಇಷ್ಟೇ: ಲೈನಿನ ಪಕ್ಕ ತಂದು ಅಂಟಿಸಿದೆ, ಮಾರ್ಕರನ್ನು ಟೈಲರ್‌ಗಳ ಕೈಗೆ ಕೊಟ್ಟೆ. ಕಲಿಸಿದವರು ಮತ್ತು ಕಲಿತವರು ಇಬ್ಬರೂ ಒಪ್ಪಿದರೆ ವೃತ್ತ ತುಂಬಬಹುದು. ಮೂರು ಕೆಲಸ ಮುಕ್ಕಾಲು ಆದರೆ ಗ್ರೇಡು ಏರುತ್ತದೆ, ಸಂಬಳವೂ. ಆ ಕೊನೆಯ ಮಾತಿಗೆ ಮ್ಯಾನೇಜ್‌ಮೆಂಟನ್ನು ಒಪ್ಪಿಸೋಕೆ ಏಳು ತಿಂಗಳು ಹಿಡಿಯಿತು. ಟಿವಿಗೆ ಏಳು ದಿನವೂ ಹಿಡಿದಿರಲಿಲ್ಲ.

ಮಧುಗಿರಿ ಹುಡುಗಿ ಕಾಲರ್ ಕಲಿಯೋಕೆ ಹೋದಳು. ಕಾಲರ್ ಅಕ್ಕನ ಹತ್ತಿರ. ಕಾಲರ್ ಮೂತಿ ತಿರುಗಿಸಿ ಹೊಲಿಯುವಾಗ ಒಂದು ಹೊಲಿಗೆ ಜಾಸ್ತಿ ಹೋದರೂ ತುದಿ ಮೊಂಡಾಗುತ್ತದೆ. ಅವಳದ್ದು ಎರಡು ವಾರ ಮೊಂಡೇ. ಅಕ್ಕ ಒಂದೊಂದನ್ನೂ ಬಿಚ್ಚಿಸಿದರು. ಒಂದು ಮಧ್ಯಾಹ್ನ ನಾನು ಆ ಕಡೆ ಹೋದಾಗ ಹುಡುಗಿ ಒಂದು ಕಾಲರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತಿರುಗಿಸಿ ಇನ್ನೊಂದು ತುದಿ ನೋಡಿದಳು. ಅಕ್ಕನಿಗೆ ಕೊಟ್ಟಳು. ಅವರು ಹೆಬ್ಬೆರಳಿನಲ್ಲಿ ತುದಿ ಒತ್ತಿ ನೋಡಿ, ಏನೂ ಹೇಳದೆ, ಗದ್ದದಲ್ಲೇ ಮಾರ್ಕರ್ ತೋರಿಸಿದರು. ಕಾಲು ಭಾಗ ಕಪ್ಪಾಯಿತು. ಹುಡುಗಿ ಅದರ ಫೋಟೋ ತೆಗೆದು ಯಾರಿಗೋ ಕಳಿಸಿದಳು. ಫ್ಲೋರಿನಲ್ಲಿ ಮೊಬೈಲ್ ಬಳಸುವ ಹಾಗಿಲ್ಲ. ನಾನು ಬೇರೆ ಕಡೆ ನೋಡಿದೆ.

ಆ ಶರ್ಟಿನ ಆರ್ಡರ್ ಮುಗಿದು ಸ್ಟೈಲ್ ಬದಲಾದಾಗ 72 ತಾನಾಗೇ ಹೋಯಿತು. ಹೊಸ ಶರ್ಟಿನ ಟೈಮ್ ಸ್ಟಡಿ ಮಾಡುವಾಗ ಬಾತ್‌ರೂಮು, ನೀರಿಗೆ ಅಂತ ಕೊಡುವ ನಿಮಿಷಗಳನ್ನು ನಾನು ಕದಿಯಲಿಲ್ಲ ಅಂತಷ್ಟೇ ಹೇಳಬಲ್ಲೆ. ಮೊದಲು ಕದಿಯುತ್ತಿದ್ದೆನಾ ಅಂತ ಕೇಳಬೇಡಿ. ಟಿವಿಯ ಬಸ್ಸು ಒಂದು ದಿನ ಹಿರೇಹಳ್ಳಿಯಲ್ಲಿ ಕೆಟ್ಟು ನಿಂತಿತು, ಸಾಫ್ಟ್‌ವೇರ್ ರಿನೀವಲ್ ದುಡ್ಡು ಕಟ್ಟಿರಲಿಲ್ಲವಂತೆ. ಯಾರೂ ಕೇಳಲಿಲ್ಲ. ಎಚ್‌ಆರ್‌ನವರು ಊಟದ ಪಟ್ಟಿ ಹಾಕಿದರು.

ಕಳೆದ ವಾರ ಕಾಲರ್ ಸೆಕ್ಷನ್ ಹತ್ತಿರ ಹೋಗುತ್ತಿದ್ದೆ. ಸ್ಟಾಪ್‌ವಾಚ್ ಕೈಯಲ್ಲಿತ್ತು. ಮಧುಗಿರಿ ಹುಡುಗಿ ತಲೆ ಎತ್ತದೆ, “ಬೆಕ್ಕು ಬಂತು” ಅಂದಳು. ಐದೂ ಜನ ನಕ್ಕರು. ಬೋರ್ಡಿನಲ್ಲಿ 61, 62, 61. ಏನಮ್ಮಾ ಬೆಕ್ಕು ಅಂತ ಕೇಳೋಕೆ ಬಾಯಿ ತೆರೆದಿದ್ದೆ. ಕಾಲರ್ ಅಕ್ಕ ಕನ್ನಡಕದ ಮೇಲಿಂದ ನೋಡಿದರು. ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡು, ಸೂಜಿ ಏನಾದರೂ ಬೇಕಿತ್ತಾ ಅಕ್ಕಾ ಅಂದೆ.

“ಬೇಡ ಸಾರ್, ಐತೆ” ಅಂದರು.